ನಿಧಾನದ ಹೊಳೆ, ನಿಧಾನದ ಚಿತ್ರ

ಸೋನ್ ನದಿಯ ಬಗ್ಗೆ ಜೂಲಿಯಸ್ ಸೀಸರ್ ಒಂದು ಮಾತು ಬರೆದಿಟ್ಟಿದ್ದಾನೆ: ಈ ಹೊಳೆ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದೇ ಕಣ್ಣಿಗೆ ತಿಳಿಯದಷ್ಟು ನಿಧಾನ, ಎಂದು. ಎರಡು ಸಾವಿರ ವರ್ಷದ ಮೇಲೂ ಆ ಮಾತು ಸುಳ್ಳಾಗಿಲ್ಲ. ಫ್ರಾನ್ಸಿನ ಬರ್ಗಂಡಿ ಸೀಮೆಯ ಶಾಲೋನ್ ಪಟ್ಟಣದ ಸೇತುವೆಯ ಮೇಲೆ ನಿಂತರೆ, ತೇಲಿಬರುವ ಎಲೆಯನ್ನೋ ಕಡ್ಡಿಯನ್ನೋ ನೋಡಿ ದಿಕ್ಕು ಗೊತ್ತುಮಾಡಿಕೊಳ್ಳಬೇಕು.

ಊರು ಹಳೆಯದು. ರೋಮನ್ನರಿಗಿಂತ ಮೊದಲೇ ಇಲ್ಲಿ ಗಾಲ್ ಜನರ ನದಿಬಂದರು ಇತ್ತು. ಸೀಸರನ ಸೈನ್ಯಕ್ಕೆ ದವಸ ಒದಗಿಸಿದ ಊರುಗಳಲ್ಲಿ ಇದೂ ಒಂದು. ಆಗಿನ ಹೆಸರು ಕಬಿಲೋನಮ್. 18ನೇ ಶತಮಾನದ ಕೊನೆಗೆ ಸೋನ್ ನದಿಯನ್ನು ಲ್ವಾರ್ ನದಿಗೆ ಜೋಡಿಸುವ ಕಾಲುವೆ ತೋಡಿದ ಮೇಲೆ ದೋಣಿ ವ್ಯಾಪಾರ ಇನ್ನಷ್ಟು ಕುದುರಿತು. ಸಂತ ವಿನ್ಸೆಂಟನ ಹೆಸರಿನ ಕ್ಯಾಥೆಡ್ರಲ್, ಅದರ ಮುಂದಿನ ಚೌಕದ ಸುತ್ತ ಮರದ ಚೌಕಟ್ಟಿನ ಹಳೆಯ ಮನೆಗಳು, ನದಿಯ ನಡುವೆ ಸ್ಯಾಂ-ಲೋರಾಂ ದ್ವೀಪ. ದ್ವೀಪದ ತುದಿಯಲ್ಲಿರುವ ಗೋಪುರದ್ದು ಬೇರೆಯೇ ಕಥೆ. ಅದು ಮೊದಲು ಕ್ಯಾಥೆಡ್ರಲ್ ಪಕ್ಕದಲ್ಲಿತ್ತು. 20ನೇ ಶತಮಾನದ ಮೊದಲ ದಶಕದಲ್ಲಿ ಕೆಡವಿ ಕಲ್ಲುಗಳನ್ನು ಮಾರಿಬಿಟ್ಟರು. ಮುಂದೆ ಅಮೆರಿಕದ ಸಿರಿವಂತನೊಬ್ಬ ಅವನ್ನು ಕೊಂಡು ಊರಿಗೇ ದಾನ ಕೊಟ್ಟ. ಗೋಪುರ ಜಾಗ ಬದಲಿಸಿ ಮತ್ತೆ ಎದ್ದಿತು. ಲೂವ್ರ್ ಮ್ಯೂಸಿಯಂ ಕಟ್ಟಿ ಬೆಳೆಸಿದ ವಿವಾಂ ದೆನೋನ್ ಕೂಡ ಈ ಸೀಮೆಯವನೇ. ಅವನ ಹೆಸರಿನ ಮ್ಯೂಸಿಯಂ ಇಲ್ಲಿದೆ.

ಇಷ್ಟೆಲ್ಲ ಇದ್ದರೂ ನನಗೆ ಈ ಊರು ಎಂದರೆ ಒಬ್ಬನೇ ಮನುಷ್ಯ. 1885ರಿಂದ ನದಿ ಬದಿಯ ಚೌಕದಲ್ಲಿ ಪ್ರತಿಮೆಯಾಗಿ ನಿಂತಿರುವ ನಿಸೆಫೋರ್ ನಿಯೆಪ್ಸ್.

1765ರಲ್ಲಿ ಇಲ್ಲಿ ಹುಟ್ಟಿದ ನಿಯೆಪ್ಸ್ ಅನುಕೂಲಸ್ಥ ಮನೆತನದವನು. ಅವನಿಗೂ ಅಣ್ಣ ಕ್ಲೋಡ್‌ಗೂ ಯಂತ್ರಗಳ ಹುಚ್ಚು. ಇಬ್ಬರೂ ಸೇರಿ ಪಿರೆಯೊಲೊಫೋರ್ ಎಂಬ ಎಂಜಿನ್ ಮಾಡಿದರು. ಒಂದು ಬಗೆಯ ಪಾಚಿಗಿಡದ ನುಣ್ಣನೆಯ ಪುಡಿಯನ್ನು ಪೆಟ್ಟಿಗೆಯೊಳಗೆ ಊದಿ ಹೊತ್ತಿಸಿದರೆ ಅದು ಸಿಡಿದು ನೀರನ್ನು ಹಿಂದಕ್ಕೆ ತಳ್ಳುತ್ತಿತ್ತು, ದೋಣಿ ಮುಂದಕ್ಕೆ ಹೋಗುತ್ತಿತ್ತು. ಸೋನ್ ನದಿಯಲ್ಲಿ ಪುಟ್ಟ ದೋಣಿಯೊಂದನ್ನು ಹೊಳೆಗೆ ಎದುರಾಗಿಯೇ ಓಡಿಸಿ ತೋರಿಸಿದರು. 1807ರಲ್ಲಿ ನೆಪೋಲಿಯನ್ ಸಹಿಯ ಪೇಟೆಂಟ್ ಬಂತು, ಹತ್ತು ವರ್ಷದ ಅವಧಿಗೆ. ಕಾಸು ಮಾತ್ರ ಹುಟ್ಟಲಿಲ್ಲ. ಎಂಜಿನ್ನಿಗೆ ಗಿರಾಕಿ ಹುಡುಕಲು ಕ್ಲೋಡ್ ಇಂಗ್ಲೆಂಡಿಗೆ ಹೋದ; ಮನೆತನದ ಆಸ್ತಿ ಅಲ್ಲಿ ಕರಗಿತು, ಕೊನೆಗೆ ಅವನ ಬುದ್ಧಿಯೂ ಭ್ರಮಿಸಿತು.

ಊರಲ್ಲೇ ಉಳಿದ ತಮ್ಮ ಬೆಳಕಿನ ಹಿಂದೆ ಬಿದ್ದ. ಅವನಿಗೆ ಚಿತ್ರ ಬಿಡಿಸುವ ಕೈ ಇರಲಿಲ್ಲ, ಅದಕ್ಕೇ ಸೂರ್ಯನ ಕೈಯಲ್ಲಿ ಬರೆಸಲು ಹೊರಟ ಎನ್ನುತ್ತಾರೆ. 1816ರಲ್ಲಿ ಬೆಳ್ಳಿಯ ಲವಣ ಹಚ್ಚಿದ ಕಾಗದದ ಮೇಲೆ ಚಿತ್ರವೇನೋ ಮೂಡಿತು. ಕಪ್ಪು ಬೆಳ್ಳಗಾಗಿ, ಬಿಳಿ ಕಪ್ಪಾಗಿ. ಹೊರಗೆ ತಂದರೆ ಅದೂ ಕರ್ರಗಾಗಿ ಹೋಗುತ್ತಿತ್ತು. ಹಿಡಿಯುವುದಕ್ಕಿಂತ ಉಳಿಸುವುದು ಕಷ್ಟವೆಂದು ಗೊತ್ತಾಗಿ ಅವನು ಡಾಂಬರಿನ ಕಡೆ ತಿರುಗಿದ. ನೈಸರ್ಗಿಕ ಡಾಂಬರಿನ ಒಂದು ಬಗೆಯನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ, ತವರ ಬೆರೆತ ಲೋಹದ ತಗಡಿನ ಮೇಲೆ ತೆಳ್ಳಗೆ ಬಳಿದು ಒಣಗಿಸಿ ಕ್ಯಾಮೆರಾ ಪೆಟ್ಟಿಗೆಯೊಳಗೆ ಇಟ್ಟ. ಬಿಸಿಲು ಬಿದ್ದ ಕಡೆ ಡಾಂಬರು ಗಟ್ಟಿಯಾಯಿತು. ಬೀಳದ ಕಡೆ ಮೆತ್ತಗೆ ಉಳಿದದ್ದನ್ನು ಎಣ್ಣೆಯಲ್ಲಿ ತೊಳೆದರೆ ಉಳಿದದ್ದೇ ಚಿತ್ರ.

ಶಾಲೋನಿನ ತೆಂಕಣಕ್ಕೆ ಸ್ವಲ್ಪವೇ ದೂರದ ಸ್ಯಾಂ-ಲೂ-ದ-ವರೆನ್ ಎಂಬ ಹಳ್ಳಿಯಲ್ಲಿ ಅವನ ತೋಟದ ಮನೆ. 1826-27ರ ಸುಮಾರಿಗೆ ಅದರ ಮಾಳಿಗೆಯ ಕಿಟಕಿಯಿಂದ ತೆಗೆದ ಚಿತ್ರವೇ ಇಂದು ಉಳಿದಿರುವ, ಕ್ಯಾಮೆರಾದಲ್ಲಿ ಹಿಡಿದ ಅತ್ಯಂತ ಹಳೆಯ ಫೋಟೊ. ಪಾರಿವಾಳದ ಗೂಡು, ಕಣಜದ ಇಳಿಜಾರು ಮಾಡು, ಒಂದು ಮರ. ಮನುಷ್ಯರಿಲ್ಲ; ಇದ್ದಿದ್ದರೂ ಮೂಡುತ್ತಿರಲಿಲ್ಲ. ಎಂಟು ಗಂಟೆ ಹಿಡಿಯಿತು ಎಂಬುದು ಹಳೆಯ ಲೆಕ್ಕ. ಅದೇ ರೀತಿ ತಗಡು ಮಾಡಿ ಪ್ರಯೋಗ ನಡೆಸಿದ ಜಾನ್-ಲೂಯಿ ಮಾರಿನ್ಯೇ ಎಂಬ ವಿಜ್ಞಾನಿ, ಇಲ್ಲ, ಕೆಲವು ದಿನಗಳೇ ಬೇಕು ಎಂದರು. ಚಿತ್ರವೂ ಅದಕ್ಕೆ ಸಾಕ್ಷಿ: ಬಿಸಿಲು ಎಡದ ಗೋಡೆಗೂ ಬಿದ್ದಿದೆ, ಬಲದ ಗೋಡೆಗೂ ಬಿದ್ದಿದೆ. ಬೆಳಗು ಸಂಜೆಗಳೆರಡೂ ಒಂದೇ ತಗಡಿನಲ್ಲಿ. ಇಂಥದ್ದು ನಮ್ಮ ಇಂದಿನ ಮೊಬೈಲಿನ ಒಂದು ಕ್ಲಿಕ್ಕಿಗೆ ಸಿಗುವಂಥದ್ದಲ್ಲ.

1827ರಲ್ಲಿ ಅಣ್ಣನನ್ನು ನೋಡಲು ಇಂಗ್ಲೆಂಡಿಗೆ ಹೋದಾಗ ನಿಯೆಪ್ಸ್ ತನ್ನ ಕೆಲಸವನ್ನು ರಾಯಲ್ ಸೊಸೈಟಿಯ ಮುಂದಿಡಲು ನೋಡಿದ. ಗುಟ್ಟು ಬಿಟ್ಟುಕೊಡಲು ಒಪ್ಪದ್ದರಿಂದ ಅವರು ಕೇಳಿಸಿಕೊಳ್ಳಲಿಲ್ಲ. 1829ರಲ್ಲಿ, ಇಂಥದ್ದೇ ಪ್ರಯತ್ನದಲ್ಲಿದ್ದ ಪ್ಯಾರಿಸ್ಸಿನ ಡಾಗೇರ್ ಎಂಬವನ ಜೊತೆ ಪಾಲುದಾರಿಕೆ ಮಾಡಿಕೊಂಡ, 1833ರಲ್ಲಿ ತೀರಿಕೊಂಡ. 1839ರಲ್ಲಿ ಜಗತ್ತು ಕೊಂಡಾಡಿದ ಆವಿಷ್ಕಾರಕ್ಕೆ ಹೆಸರು ಡಾಗೇರೋಟೈಪ್. ಸರ್ಕಾರ ಡಾಗೇರನಿಗೆ ವರ್ಷಕ್ಕೆ 6,000 ಫ್ರಾಂಕ್, ನಿಯೆಪ್ಸನ ಮಗನಿಗೆ 4,000 ಫ್ರಾಂಕ್ ಪಿಂಚಣಿ ಕೊಟ್ಟಿತು. ಡಾಗೇರನ ವಿಧಾನ ಬೇರೆ, ವೇಗವಾದದ್ದು ಎಂಬುದು ನಿಜವೇ. ಆದರೂ ಈ ಪಾಲುಪಟ್ಟಿ ನ್ಯಾಯದ್ದೆಂದು ನನಗೆ ಅನಿಸಿಲ್ಲ. ಸ್ಯಾಂ-ಲೂ ಹಳ್ಳಿಯವರಿಗೂ ಅನಿಸಿರಲಿಕ್ಕಿಲ್ಲ. ಅವನು ಸತ್ತ ನೂರು ವರ್ಷಕ್ಕೆ ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಲ್ಲು, ಫೋಟೊಗ್ರಫಿ ಇದೇ ಊರಲ್ಲಿ 1822ರಲ್ಲಿ ಹುಟ್ಟಿತೆಂದು ಸಾರುತ್ತದೆ. ಇಸವಿಯ ಬಗ್ಗೆ ಇತಿಹಾಸಕಾರರ ತಕರಾರು ಏನೇ ಇರಲಿ, ಕಲ್ಲು ಜಗ್ಗಿಲ್ಲ.

ನಿಯೆಪ್ಸ್ ಇಂಗ್ಲೆಂಡಿನಲ್ಲಿ ಬಿಟ್ಟುಬಂದ, ಆ ಕಿಟಕಿ ಚಿತ್ರದ ತಗಡು ಕೈಯಿಂದ ಕೈಗೆ ಹೋಗಿ ಮರೆತುಹೋಗಿತ್ತು. 1952ರಲ್ಲಿ ಇತಿಹಾಸಕಾರ ಹೆಲ್ಮುಟ್ ಗರ್ನ್‌ಶೈಮ್ ಅದನ್ನು ಪತ್ತೆಹಚ್ಚಿದ. ಈಗ ಅದಿರುವುದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಶಾಲೋನಿಗೆ ಉಳಿದದ್ದು ಪೆಟ್ಟಿಗೆಗಳು. ನದಿ ದಂಡೆಯ ನಿಯೆಪ್ಸ್ ಮ್ಯೂಸಿಯಂನಲ್ಲಿ ಅವನ ಕ್ಯಾಮೆರಾಗಳಿವೆ, ಜೊತೆಗೆ ಸುಮಾರು 30 ಲಕ್ಷ ಫೋಟೊಗಳ ಸಂಗ್ರಹ.

ಫೋಟೊ ಜೊತೆ ಈ ಊರಿಗೆ ಮತ್ತೊಂದು ನಂಟೂ ಇತ್ತು. ರೀಲು ಹಾಕಿ, 36 ಚಿತ್ರ ಮುಗಿಯುವ ತನಕ ಕಾದು, ತೊಳೆಸಲು ಕೊಟ್ಟ ತಲೆಮಾರಿಗೆ ಕೊಡಕ್ ಹಳದಿ ಡಬ್ಬಿ ನೆನಪಿರಬಹುದು. ಆ ಕಂಪನಿಯ ದೊಡ್ಡ ಫಿಲ್ಮ್ ಕಾರ್ಖಾನೆಯೊಂದು ಶಾಲೋನಿನಲ್ಲೇ ಇತ್ತು. ಡಿಜಿಟಲ್ ಬಂತು, ರೀಲು ಕೇಳುವವರಿಲ್ಲವಾಯಿತು, ಕಾರ್ಖಾನೆ ಬಾಗಿಲು ಹಾಕಿತು. 2007ರ ಡಿಸೆಂಬರಿನಲ್ಲಿ ಸಿಡಿಮದ್ದು ಇಟ್ಟು ಕಟ್ಟಡ ಉರುಳಿಸಿದರು.

ಬರ್ಗಂಡಿಗೆ ಬರುವವರು ಬಹುತೇಕ ವೈನ್‌ಗಾಗಿ ಬರುತ್ತಾರೆ. ಬೋನ್ ಊರಿನಲ್ಲಿ ಅದರ ರುಚಿ ನೋಡಿ, ಒಳ್ಳೆಯ ಊಟಕ್ಕೆ ಲಿಯೋನ್ ಕಡೆ ಹೊರಡುತ್ತಾರೆ. ಶಾಲೋನ್ ಇರುವುದು ಅವೆರಡರ ನಡುವಿನ ದಾರಿಯಲ್ಲೇ. ಅರ್ಧ ದಿನ ಇಳಿದರೆ ಮ್ಯೂಸಿಯಂ ನೋಡಿಕೊಂಡು ಆ ಕಿಟಕಿಯ ಮನೆಯ ತನಕ ಹೋಗಿಬರಬಹುದು.