ದಲ್ಲಾಳಿಯ ಡೈರಿಯಿಂದ ಮೊಬೈಲಿಗೆ ಬಂದ ಸಂಬಂಧ

ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಸಣ್ಣ ಡೈರಿ. ಮದುವೆ ದಲ್ಲಾಳಿ ಎಂದರೆ ನಮ್ಮ ಕಣ್ಣಿಗೆ ಬರುವುದು ಇದೇ ಚಿತ್ರ. ಯಾವ ಜಮಾಅತ್‌ನಲ್ಲಿ ಯಾರ ಮಗಳು ಡಿಗ್ರಿ ಮುಗಿಸಿದ್ದಾಳೆ, ಯಾರ ಮಗ ಗಲ್ಫ್‌ನಿಂದ ರಜೆಗೆ ಬರುತ್ತಾನೆ, ಎಲ್ಲವೂ ಆ ಡೈರಿಯಲ್ಲಿತ್ತು. ಈಗಲೂ ಅವರಿದ್ದಾರೆ. ಡೈರಿ ಹೋಗಿ ವಾಟ್ಸ್‌ಆ್ಯಪ್ ಬಂದಿದೆ ಅಷ್ಟೆ. "ಕಂಪ್ಯೂಟರ್‌ನಲ್ಲಿ ಸಂಬಂಧ ನೋಡೋದಾ?" ಅಂತ ಮೂಗು ಮುರಿದಿದ್ದ ಹಿರಿಯರೇ ಇಂದು ಮೊಮ್ಮಗಳ ಬಯೋಡಾಟ ಟೈಪ್ ಮಾಡಿಸುತ್ತಾರೆ.

ಈ ಬದಲಾವಣೆಗೆ ಕಾರಣರಾದವರಲ್ಲಿ ಒಬ್ಬರು ಚೆನ್ನೈಯ ಮುರುಗವೇಲ್ ಜಾನಕಿರಾಮನ್, ಭಾರತ್ ಮ್ಯಾಟ್ರಿಮೊನಿಯ ಸ್ಥಾಪಕ. ಉತ್ತರ ಚೆನ್ನೈಯ ರಾಯಪುರಂನಲ್ಲಿ ಬೆಳೆದವರು. ತಂದೆ ಬಂದರಿನಲ್ಲಿ ಕೂಲಿ ಕೆಲಸಕ್ಕಿದ್ದರು. ಬಂದರಿನ ಕೂಲಿಯಲ್ಲಿ ಮಕ್ಕಳನ್ನು ಓದಿಸುವುದು ಎಂದರೇನು ಅಂತ ನಮ್ಮ ಮಂಗಳೂರಿನ ಬಂದರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ ಎಂಸಿಎ ಮಾಡಿ ಸಾಫ್ಟ್‌ವೇರ್ ಕೆಲಸಕ್ಕೆ ಅಮೆರಿಕ ಸೇರಿದರು. 1997ರಲ್ಲಿ ಅಲ್ಲಿನ ತಮಿಳರಿಗಾಗಿ ಒಂದು ಜಾಲತಾಣ ಮಾಡಿದರು. ಹಬ್ಬದ ಕ್ಯಾಲೆಂಡರ್ ಅದು ಇದು ಎಲ್ಲ ಇತ್ತು, ಮೂಲೆಯಲ್ಲೊಂದು ವಧು-ವರರ ವಿಭಾಗ. ಜನ ಬರುತ್ತಿದ್ದುದು ಆ ಮೂಲೆಗೆ! ಅದನ್ನು ಗಮನಿಸಿದ್ದೇ ಅವರ ಜಾಣತನ. 2000ದಲ್ಲಿ ಭಾರತ್ ಮ್ಯಾಟ್ರಿಮೊನಿ ಬಂತು. ಅವರಿಗೂ ಸಂಗಾತಿ ಸಿಕ್ಕಿದ್ದು ತಮ್ಮದೇ ಜಾಲತಾಣದಲ್ಲಿ.

ಇಂಟರ್‌ನೆಟ್ ಇಲ್ಲದ ಮನೆಗಳಿಗಾಗಿ ಊರೂರಲ್ಲಿ ಕಚೇರಿ ತೆರೆದರು. 2017ರ ಸೆಪ್ಟೆಂಬರ್‌ನಲ್ಲಿ ಕಂಪೆನಿ ಷೇರು ಮಾರುಕಟ್ಟೆಗೂ ಬಂತು. ಈಗ ಹಾಲ್ ಬುಕ್ಕಿಂಗ್‌ಗೆ ಮಂಡಪ್ ಡಾಟ್ ಕಾಮ್, ಅಲಂಕಾರ, ಫೋಟೊ, ಮೇಕಪ್‌ನವರನ್ನು ಹುಡುಕಲು ವೆಡ್ಡಿಂಗ್ ಬಜಾರ್ ಎಂಬ ಸೇವೆಗಳಿವೆ. ಒಮ್ಮೆ ಸಂಬಂಧ ಕೂಡಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲವಲ್ಲ. ಹಾಗಾಗಿ ಮದುವೆಯ ದಿನದವರೆಗೂ ಜೊತೆ ಹೋಗುವ ಲೆಕ್ಕಾಚಾರ ಇದ್ದೀತು.

ಆದರೆ ಇದರಲ್ಲಿ ಹೊಸತೇನು? ನೋಂದಣಿ ಮಾಡುವಾಗ ಮೊದಲ ಪ್ರಶ್ನೆಗಳಲ್ಲಿ ಒಂದು, ಈ ಪ್ರೊಫೈಲ್ ಯಾರಿಗಾಗಿ ಎಂಬುದು. ನನಗೆ, ಮಗನಿಗೆ, ಮಗಳಿಗೆ, ತಂಗಿಗೆ. ಅಂದರೆ ಹುಡುಕುವುದು ಮನೆಯವರೇ ಎಂಬುದನ್ನು ಅವರು ಒಪ್ಪಿಕೊಂಡೇ ಹೊರಟರು. ಭಾಷೆಗೊಂದು, ಜಾತಿಗೊಂದು, ಧರ್ಮಕ್ಕೊಂದು ತಾಣ ಮಾಡಿದರು. ಕನ್ನಡ ಮ್ಯಾಟ್ರಿಮೊನಿ ಇದೆ, ಮುಸ್ಲಿಮ್ ಮ್ಯಾಟ್ರಿಮೊನಿಯೂ ಇದೆ. ಜಾತಿಯ ಗೋಡೆಗೆ ಕಂಪ್ಯೂಟರ್ ಇನ್ನೊಂದು ಸಾಲು ಕಲ್ಲು ಕಟ್ಟಿತು ಎಂಬ ಟೀಕೆ ಸುಮ್ಮನೆ ತಳ್ಳಿ ಹಾಕುವಂತದ್ದಲ್ಲ.

ನಮ್ಮ ಉಮ್ಮಂದಿರ ಚಿಂತೆ ಬೇರೆ. ಮಗಳ ಫೋಟೊ ಯಾರ ಯಾರ ಕೈಗೆ ಹೋಗುತ್ತದೆ? ಫೋಟೊಗೆ ಬೀಗ ಹಾಕಿ, ಒಪ್ಪಿದವರಿಗೆ ಮಾತ್ರ ತೋರಿಸುವ ವ್ಯವಸ್ಥೆ ಅಲ್ಲಿದೆ. ದಲ್ಲಾಳಿಯ ವಾಟ್ಸ್‌ಆ್ಯಪ್‌ನಲ್ಲಿ ಆ ಬೀಗವೂ ಇಲ್ಲ. ಹಾಗಂತ ಸ್ಕ್ರೀನ್‌ಶಾಟ್ ತೆಗೆಯುವವನನ್ನು ತಡೆಯುವುದು ಸುಲಭವಲ್ಲ. ಸುಳ್ಳು ಪ್ರೊಫೈಲ್‌ಗಳ ದೂರು ಹೆಚ್ಚಿದಾಗ ಕೇಂದ್ರ ಸರಕಾರ 2016ರ ಜೂನ್‌ನಲ್ಲಿ ಇಂತಹ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿ, ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕೆಂದು ಹೇಳಿತು. ದಾಖಲೆ ಹೆಸರು ಹೇಳುತ್ತದೆ, ಹುಡುಗನ ಗುಣ ಹೇಳುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ವರದಕ್ಷಿಣೆ ಕೊಡುವುದೂ ಕೇಳುವುದೂ 1961ರ ಕಾನೂನಿನಂತೆ ಅಪರಾಧ. ಮಹರ್ ಕೊಡಬೇಕಾದವನು ವರ. ಅಂತಹ ಅಂಕಣ ಯಾವ ಬಯೋಡಾಟದಲ್ಲೂ ಬರೆದಿರುವುದಿಲ್ಲ. ಪ್ರೊಫೈಲ್ ಒಪ್ಪಿಗೆಯಾಗಿ, ಎರಡು ಕಡೆಯವರು ಫೋನಿನಲ್ಲಿ ಸಲಾಂ ಹೇಳಿ, ಊರು-ಕುಟುಂಬದ ಗುರುತು ಹಿಡಿದ ಮೇಲೆ ಮೆಲ್ಲನೆ ಬರುತ್ತದೆ ಪ್ರಶ್ನೆ: "ಎಷ್ಟು ಪವನ್ ಹಾಕ್ತೀರಿ?" ದಲ್ಲಾಳಿ ಇದ್ದಾಗ ಅವನ ಬಾಯಿಂದ ಕೇಳಿಸುತ್ತಿದ್ದೆವು. ಈಗ ಮಧ್ಯದಲ್ಲಿ ಯಾರೂ ಇಲ್ಲ, ನಾವೇ ನೇರವಾಗಿ ಕೇಳುತ್ತಿದ್ದೇವೆ.

ಮೊಬೈಲಿನಲ್ಲಿ ಸಂಬಂಧ ನೋಡುತ್ತಿರುವ ಮನೆಯವರು ಮೊದಲ ಫೋನಿನಲ್ಲೇ "ನಮಗೆ ಏನೂ ಬೇಡ, ನೀವೂ ಕೇಳಬೇಡಿ" ಅಂತ ಹೇಳಿಬಿಡಬಹುದು. ಹುಡುಗ ದುಬೈಯಲ್ಲೋ ಜುಬೈಲಿನಲ್ಲೋ ಇದ್ದರೆ ಅಲ್ಲಿರುವ ನಮ್ಮೂರಿನ ಒಬ್ಬರನ್ನು ಅವನ ರೂಮಿನತ್ತ ಕಳಿಸಿ. ಮಸೀದಿಯಲ್ಲಿ ವಿಚಾರಿಸಿ. ಮುಖ್ಯವಾಗಿ ಮಗಳನ್ನು ಕೇಳಿ, ಫೋಟೊ ಹಾಕುವ ಮೊದಲು.