ಉಪ್ಪಾಗೆಯಿಂದ ಬೊಜ್ಜು ಕರಗುತ್ತದೆಯೇ?

ತಪ್ಪು ಕಲ್ಪನೆ: ಉಪ್ಪಾಗೆ ಬೊಜ್ಜು ಕರಗಿಸುತ್ತದೆ; ಕಾಡಿನ ಹಣ್ಣಾದ್ದರಿಂದ ಅಪಾಯವೂ ಇಲ್ಲ.

ಸತ್ಯ: ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಈ ಮರ ನಮಗೆ ಕೊಟ್ಟದ್ದು ಹುಳಿಯನ್ನು, ತೆಳ್ಳಗಾಗುವ ಮದ್ದನ್ನಲ್ಲ. ಕೊಡಗಿನ ಕಾಚಂಪುಳಿ, ಕೇರಳದ ಮೀನುಸಾರಿನ ಕುಡಂಪುಳಿ ಎರಡೂ ಇದರ ಹಣ್ಣಿನವೇ. ಆ ಹುಳಿಯ ಮುಖ್ಯ ಅಂಶ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿಕೊಟ್ಟವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಸಕ್ಕರೆಯನ್ನು ಕೊಬ್ಬಾಗಿಸುವ ಕಿಣ್ವವೊಂದನ್ನು ಈ ಆಮ್ಲ ತಡೆಯುತ್ತದೆ ಎಂಬುದು ಮುಂದಿನ ಪ್ರಯೋಗಗಳಲ್ಲಿ ತಿಳಿಯಿತು. ಇಲಿಗಳಲ್ಲಿ ಕೊಬ್ಬಿನ ತಯಾರಿಕೆ ತಗ್ಗಿತು. ತೂಕ ಇಳಿಸುವ ಮಾತ್ರೆಗಳ ಮಾರುಕಟ್ಟೆ ಕಟ್ಟಿಕೊಂಡದ್ದು ಇದೊಂದರ ಮೇಲೆ. ಆದರೆ ಮನುಷ್ಯನ ಮೈ ಸಾಮಾನ್ಯ ಊಟದಲ್ಲಿ ಸಕ್ಕರೆಯಿಂದ ಕೊಬ್ಬು ಮಾಡಿಕೊಳ್ಳುವುದು ತೀರ ಕಡಿಮೆ. ಕೂಡಿಡುವ ಕೊಬ್ಬಿನ ಬಹುಪಾಲು ಊಟದ ಎಣ್ಣೆ, ಬೆಣ್ಣೆ, ತುಪ್ಪದ್ದೇ. ಅಷ್ಟಾಗಿ ಹರಿಯದ ದಾರಿಗೆ ಕಟ್ಟೆ ಹಾಕಿದರೆ ಫಲವೇನು? 1998ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಮೆರಿಕದ ಪರೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ತೂಕ ಹೆಚ್ಚಿದ್ದ 135 ಮಂದಿಗೆ ಒಂದೇ ಪಥ್ಯ ಹೇಳಿ, 12 ವಾರ ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲವನ್ನೂ ಉಳಿದವರಿಗೆ ಹುಸಿಮಾತ್ರೆಯನ್ನೂ ಕೊಟ್ಟರು. ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದರೆ, ಹುಸಿಮಾತ್ರೆಯವರು 4.1 ಕಿಲೊ ಇಳಿದಿದ್ದರು.

ಮಾತ್ರೆ ನುಂಗಿ ಇಳಿದವರಿದ್ದಾರಲ್ಲ ಎಂದರೆ, ಹುಸಿಮಾತ್ರೆ ನುಂಗಿದವರೂ ಇಳಿದರು. ಆ ಕೀರ್ತಿ ಪಥ್ಯಕ್ಕೆ ಸಲ್ಲಬೇಕು. ಕೆಲವು ಸಣ್ಣ ಪರೀಕ್ಷೆಗಳಲ್ಲಿ ಇಳಿಕೆ ಕಂಡದ್ದು ನಿಜ. ಅವನ್ನೆಲ್ಲ ಒಟ್ಟಿಗೆ ತೂಗಿದ 2011ರ ವಿಮರ್ಶೆಯಲ್ಲಿ ಸಿಕ್ಕ ವ್ಯತ್ಯಾಸ ಒಂದು ಕಿಲೊವನ್ನೂ ಮುಟ್ಟಲಿಲ್ಲ, ಕಟ್ಟುನಿಟ್ಟಿನ ಪರೀಕ್ಷೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಅದೂ ನಿಲ್ಲಲಿಲ್ಲ. ತಲೆಮಾರುಗಳಿಂದ ತಿಂದದ್ದು ಹೇಗೆ ಕೆಡುಕಾದೀತು ಎನ್ನುವವರು ಪ್ರಮಾಣವನ್ನು ಗಮನಿಸಬೇಕು. ಸಾರಿಗೆ ಬಿದ್ದ ಒಂದೆರಡು ಒಣಸಿಪ್ಪೆ ಬೇರೆ, ಸಾರ ತೆಗೆದು ತುಂಬಿದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದು ಬೇರೆ. ಅಂಥ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಈ ಮಾತ್ರೆಗಳಿಗಾಗಿ ಹಣ್ಣಿಗೆ ಬಂದ ಬೇಡಿಕೆಯಿಂದ ಮಲೆನಾಡಿನ ಮನೆಗಳಿಗೆ ನಾಲ್ಕು ಕಾಸು ಬಂದಿತಲ್ಲ ಎಂಬ ಮಾತನ್ನು ಹಗುರವಾಗಿ ತಳ್ಳಲಾಗದು. ಆದರೆ ದರ ಏರಿದಾಗ ಪೈಪೋಟಿಯಲ್ಲಿ ಎಳೆಗಾಯಿ ಕೊಯ್ದು ಕೊಂಬೆ ಕಡಿಯುತ್ತಾರೆ. ಮಳೆಗಾಲದ ಬೆಳೆಯಾದ್ದರಿಂದ ಸಿಪ್ಪೆ ಒಣಗಿಸಲು ಕಾಡಿನ ಸೌದೆಯೂ ಉರಿಯುತ್ತದೆ. ಶಿರಸಿ, ಹೊನ್ನಾವರದ ಕಾಡಿನ ಸಿಂಗಳೀಕಗಳ ಆಹಾರವೂ ಇದೇ ಹಣ್ಣು. ಸುಳ್ಳು ಭರವಸೆ ತಂದ ಬೆಲೆ ಆ ಭರವಸೆ ಒಡೆದ ದಿನ ಬೀಳುತ್ತದೆ, ಕಡಿದ ಕೊಂಬೆ ಮಾತ್ರ ಮರುವರ್ಷ ಕಾಯಿ ಬಿಡುವುದಿಲ್ಲ. ಸಿಪ್ಪೆಯ ಹುಳಿಗೂ ಬೀಜದ ತುಪ್ಪಕ್ಕೂ ಅಡುಗೆಮನೆಯಲ್ಲಿರುವ ಬೆಲೆಯೇ ಉಪ್ಪಾಗೆಯ ನಿಜವಾದ ಬೆಲೆ. ಮರವನ್ನು ಉಳಿಸಿಕೊಂಡು ದುಡಿಯಲು ಅಷ್ಟು ಸಾಕು.