ವಿಶ್ವಕಿರಣಗಳ ಸ್ವರೂಪ ಮತ್ತು ಮೂಲ: ಬೆಂಗಳೂರಿನ ಆಕಾಶದಿಂದ ಕೋಲಾರದ ಗಣಿಯವರೆಗೆ

ಭೂಮಿಯ ಹೊರಗಿನಿಂದ, ಹಗಲು ರಾತ್ರಿಗಳೆಂಬ ಭೇದವಿಲ್ಲದೆ, ನಮ್ಮ ವಾಯುಮಂಡಲದ ಮೇಲೆ ಎಡೆಬಿಡದೆ ಬಂದು ಬೀಳುತ್ತಿರುವ ಅತಿವೇಗದ ಕಣಗಳಿಗೆ ವಿಶ್ವಕಿರಣಗಳೆಂದು ಹೆಸರು. ‘ಕಿರಣ’ವೆಂಬ ಮಾತು ಇಲ್ಲಿ ರೂಢಿಯಿಂದ ಉಳಿದುಬಂದದ್ದು. ಇವು ಬೆಳಕಿನಂತಹ ಅಲೆಗಳಲ್ಲ. ಬಹುಪಾಲು ಪರಮಾಣುಗಳ ಬೀಜಗಳು. ಗಾಳಿಯ ಮೇಲ್ಪದರಗಳಲ್ಲಿ ಇವು ಬೇರೆ ಪರಮಾಣುಗಳಿಗೆ ತಾಕಿದಾಗ ಹೊಸ ಕಣಗಳು ಹುಟ್ಟುತ್ತವೆ. ಆ ಸಂತತಿಯಲ್ಲಿ ನೆಲದವರೆಗೆ ಬಂದು ಮುಟ್ಟುವವು ಮುಖ್ಯವಾಗಿ ಮ್ಯೂಆನ್ ಎಂಬ ಕಣಗಳು. ನೆಲಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿನ ಮೂಲಕ ನಿಮಿಷಕ್ಕೆ ಸುಮಾರು ಒಂದರಂತೆ ಅವು ಹಾಯ್ದುಹೋಗುತ್ತವೆ. ವಾಚಕರು ಕೈಯನ್ನು ಚಾಚಿ ಹಿಡಿದರೆ ಸೆಕೆಂಡಿಗೆ ಒಂದೆರಡು ಕಣಗಳಾದರೂ ಅದನ್ನು ದಾಟಿ ಹೋಗುತ್ತಿರುತ್ತವೆ.

ಇವುಗಳ ಭೇದನಶಕ್ತಿಯನ್ನು ಸಮೀಪದ ಒಂದು ಉದಾಹರಣೆಯಿಂದ ತಿಳಿಯಬಹುದು. ಹಲಸೂರಿನ ಸೋಮೇಶ್ವರ ದೇವಾಲಯದ ಮಂಟಪದಲ್ಲಿ ನಾವು ನಿಂತಿದ್ದೇವೆಂದೂ, ತಲೆಯ ಮೇಲಿನ ಕಲ್ಲುಚಪ್ಪಡಿ 30 ಸೆಂಟಿಮೀಟರ್ ದಪ್ಪವಿದೆಯೆಂದೂ ಇಟ್ಟುಕೊಳ್ಳೋಣ. ಅದನ್ನು ದಾಟುವಲ್ಲಿ ಮ್ಯೂಆನ್ ಕಳೆದುಕೊಳ್ಳುವ ಶಕ್ತಿ ಸುಮಾರು 16 ಕೋಟಿ ಎಲೆಕ್ಟ್ರಾನ್ ವೋಲ್ಟು. ನೆಲವನ್ನು ಮುಟ್ಟುವ ಮ್ಯೂಆನಿನ ಸರಾಸರಿ ಶಕ್ತಿಯಾದರೋ ಸುಮಾರು 400 ಕೋಟಿ ಎಲೆಕ್ಟ್ರಾನ್ ವೋಲ್ಟು. ಎಂದರೆ, ತನ್ನ ಬಂಡವಾಳದಲ್ಲಿ ಇಪ್ಪತ್ತೈದರಲ್ಲೊಂದು ಪಾಲನ್ನು ತೆತ್ತು ಅದು ಕಲ್ಲನ್ನು ದಾಟಿಬಿಡುತ್ತದೆ. ಕಲ್ಲಿನ ಮಾಡು ಮಳೆ ಬಿಸಿಲುಗಳನ್ನು ತಡೆಯಬಲ್ಲದು. ಈ ಮಳೆಯನ್ನು ತಡೆಯಲಾರದು.

ಕಣ್ಣಿಗೆ ಕಾಣದ, ಕೈಗೆ ಸಿಗದ ಇಂತಹ ವಸ್ತುವಿನ ಸ್ವರೂಪವನ್ನು ಅರಿಯುವುದು ಹೇಗೆ? ಅದನ್ನು ತಡೆಯುವುದು ಯಾವುದು, ಎಷ್ಟರ ಮಟ್ಟಿಗೆ ತಡೆಯುತ್ತದೆ ಎಂದು ಕೇಳುವುದೇ ಇದಕ್ಕೆ ಮಾರ್ಗ. ವಿಶ್ವಕಿರಣಗಳಿಗೆ ಪ್ರಕೃತಿಯಲ್ಲಿ ಮೂರು ತಡೆಗಳಿವೆ: ಭೂಮಿಯ ಕಾಂತಕ್ಷೇತ್ರ, ಗಾಳಿ, ಶಿಲೆ. ಈ ಮೂರನ್ನೂ ಪರೀಕ್ಷಿಸಲು ತಕ್ಕ ಸನ್ನಿವೇಶ ಬೆಂಗಳೂರಿನಲ್ಲಿಯೂ ಅದರ ಪೂರ್ವಕ್ಕಿರುವ ನಾಡಿನಲ್ಲಿಯೂ ಒದಗಿಬಂದಿತ್ತು. ಆ ಸನ್ನಿವೇಶದಿಂದ ದೊರೆತ ಜ್ಞಾನವೇನು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

1. ಮೊದಲನೆಯ ತಡೆ: ಭೂಮಿಯ ಕಾಂತಕ್ಷೇತ್ರ

1912ರ ಆಗಸ್ಟ್ 7ರಂದು ಆಸ್ಟ್ರಿಯದ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೇಲೇರಿ, ಎತ್ತರ ಹೆಚ್ಚಿದಂತೆ ಗಾಳಿಯ ಅಯಾನೀಕರಣವೂ ಹೆಚ್ಚುವುದನ್ನು ಕಂಡನು. ಇದರ ಕಾರಣ ನೆಲದಲ್ಲಿಲ್ಲ, ಮೇಲಿನಿಂದ ಬರುತ್ತಿದೆ ಎಂಬುದು ಇದರಿಂದ ಸಿದ್ಧವಾಯಿತು. 1925ರಲ್ಲಿ ಅಮೆರಿಕದ ರಾಬರ್ಟ್ ಮಿಲಿಕನ್ ಇದಕ್ಕೆ ವಿಶ್ವಕಿರಣವೆಂಬ ಅರ್ಥದ ಹೆಸರನ್ನಿಟ್ಟನು. ಇವು ವಿದ್ಯುದಾವೇಶವಿಲ್ಲದ ಗಾಮಾಕಿರಣಗಳೆಂದು ಆತನ ಅಭಿಪ್ರಾಯವಾಗಿತ್ತು.

ಈ ಅಭಿಪ್ರಾಯವನ್ನು ಒರೆಗೆ ಹಚ್ಚಲು ಭೂಮಿಯೇ ಒಂದು ಉಪಕರಣವಾಯಿತು. ಆವೇಶವಿಲ್ಲದ ಕಿರಣವನ್ನು ಕಾಂತಕ್ಷೇತ್ರ ಬಾಗಿಸಲಾರದು. ಅದು ಎಲ್ಲ ಅಕ್ಷಾಂಶಗಳಲ್ಲಿಯೂ ಸಮವಾಗಿ ಬೀಳಬೇಕು. ಆವೇಶವುಳ್ಳ ಕಣವಾದರೆ ಹಾಗಲ್ಲ. ಧ್ರುವಗಳ ಬಳಿ ಅದು ಕಾಂತರೇಖೆಗಳ ಜಾಡನ್ನೇ ಹಿಡಿದು ಇಳಿಯಬಹುದು. ಕಾಂತೀಯ ಸಮಭಾಜಕದ ಬಳಿ ರೇಖೆಗಳು ನೆಲಕ್ಕೆ ಸಮಾನಾಂತರವಾಗಿರುವುದರಿಂದ ಅವುಗಳನ್ನು ಅಡ್ಡಹಾಯ್ದೇ ಬರಬೇಕು. ಶಕ್ತಿ ಸಾಲದ ಕಣಗಳು ಬಾಗಿ ಹಿಂದಿರುಗುತ್ತವೆ. 1927ರಲ್ಲಿ ಜಾವಾದಿಂದ ಹಾಲೆಂಡಿಗೆ ಹೊರಟ ಹಡಗಿನಲ್ಲಿ ಯಾಕೋಬ್ ಕ್ಲೇ ಇಂತಹ ವ್ಯತ್ಯಾಸವನ್ನು ಗುರುತಿಸಿದನು. 1932ರಲ್ಲಿ ಆರ್ಥರ್ ಕಾಂಪ್ಟನ್ ಭೂಮಂಡಲದ ಅನೇಕ ಸ್ಥಳಗಳಲ್ಲಿ ನಡೆಸಿದ ಸಮೀಕ್ಷೆ ಅದನ್ನು ಸ್ಥಿರಪಡಿಸಿತು. ಮರುವರ್ಷ, ಪಶ್ಚಿಮದ ಕಡೆಯಿಂದ ಬರುವ ಕಣಗಳು ಪೂರ್ವದ ಕಡೆಯಿಂದ ಬರುವವುಗಳಿಗಿಂತ ಹೆಚ್ಚೆಂದು ಕಂಡುಬಂದುದರಿಂದ, ಅವುಗಳ ಆವೇಶ ಬಹುಪಾಲು ಧನಾತ್ಮಕವೆಂಬುದೂ ತಿಳಿಯಿತು.

ಬೆಂಗಳೂರಿನ ಮಹತ್ವ ಇಲ್ಲಿಂದ ಮೊದಲಾಗುತ್ತದೆ. 1940ರ ಸುಮಾರಿಗೆ ಇದರ ಭೂಕಾಂತೀಯ ಅಕ್ಷಾಂಶ ಕೇವಲ 3 ಡಿಗ್ರಿಯಷ್ಟಿತ್ತು. ದಕ್ಷಿಣ ಭಾರತದ ಮೇಲೆ ನೇರವಾಗಿ ಇಳಿಯಬೇಕಾದರೆ ಪ್ರೋಟಾನಿಗೆ ಸುಮಾರು 1,700 ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿ ಬೇಕು. ಇಷ್ಟು ಬಿಗಿಯಾದ ಜರಡಿ ಭೂಮಿಯ ಮೇಲೆ ಬೇರೆಡೆ ವಿರಳ. 1939–40ರ ಚಳಿಗಾಲದಲ್ಲಿ ಮಿಲಿಕನ್ ತನ್ನ ಸಹೋದ್ಯೋಗಿಗಳಾದ ನೇಹರ್ ಮತ್ತು ಪಿಕರಿಂಗ್‌ರೊಡನೆ ಭಾರತಕ್ಕೆ ಬಂದು, ಬೆಂಗಳೂರು, ಆಗ್ರಾ, ಪೇಷಾವರಗಳಿಂದ ಉಪಕರಣಗಳನ್ನು ಹೊತ್ತ ಬಲೂನುಗಳನ್ನು ಹಾರಿಬಿಟ್ಟನು. ಉತ್ತರಕ್ಕೆ ಹೋದಂತೆ ಜರಡಿಯ ಕಣ್ಣು ದೊಡ್ಡದಾಗುತ್ತದೆ. ಆದುದರಿಂದ ಆಗ್ರಾದ ಎಣಿಕೆಯಿಂದ ಬೆಂಗಳೂರಿನ ಎಣಿಕೆಯನ್ನು ಕಳೆದರೆ ಉಳಿಯುವುದು, ಆ ಎರಡು ಮಿತಿಗಳ ನಡುವಿನ ಶಕ್ತಿಯುಳ್ಳ ಕಣಗಳ ಪ್ರಮಾಣ. ಆವೇಶವೇ ಇಲ್ಲವೆಂದು ಮೊದಲು ವಾದಿಸಿದ್ದ ವಿಜ್ಞಾನಿಯೇ, ಆವೇಶವನ್ನು ಆಧಾರವಾಗಿಟ್ಟುಕೊಂಡ ಈ ಅಳತೆಗಾಗಿ ಸಮುದ್ರಗಳನ್ನು ದಾಟಿ ಬಂದುದು ಗಮನಾರ್ಹ.

ಮುಂದಿನ ದಶಕಗಳ ಪ್ರಯೋಗಗಳಿಂದ ಈ ಕಣಗಳ ಜಾತಿಯೂ ತಿಳಿದುಬಂದಿತು. ಸಂಖ್ಯೆಯ ದೃಷ್ಟಿಯಿಂದ ನೂರರಲ್ಲಿ ಸುಮಾರು ತೊಂಬತ್ತು ಪ್ರೋಟಾನುಗಳು, ಒಂಬತ್ತು ಹೀಲಿಯಂ ಬೀಜಗಳು. ಮಿಕ್ಕುದು ಕಬ್ಬಿಣದವರೆಗಿನ ಮತ್ತು ಅದಕ್ಕೂ ಭಾರವಾದ ಬೀಜಗಳು, ಅಲ್ಪಾಂಶ ಎಲೆಕ್ಟ್ರಾನುಗಳು.

2. ಎರಡನೆಯ ತಡೆ: ಗಾಳಿ

ನಮ್ಮ ಮೇಲಿರುವ ಗಾಳಿ ಹಗುರವೆಂದು ತೋರಿದರೂ ಅದರ ತೂಕ ಸುಮಾರು ಹತ್ತು ಮೀಟರ್ ಆಳದ ನೀರಿಗೆ ಸಮ. ಮೂಲಕಣಗಳಲ್ಲಿ ನೆಲದವರೆಗೆ ಉಳಿದು ಬರುವವು ತೀರ ಕಡಿಮೆ. ನಾವು ಕೆಳಗೆ ಅಳೆಯುವುದು ಅವುಗಳ ಸಂತತಿಯನ್ನು.

ಈ ಸಂತತಿಯ ಒಂದು ಶಾಖೆಯನ್ನು ಹೋಮಿ ಜಹಾಂಗೀರ್ ಭಾಭಾ ಮತ್ತು ವಾಲ್ಟರ್ ಹೈಟ್ಲರ್ 1937ರಲ್ಲಿ ವಿವರಿಸಿದರು. ವೇಗದ ಎಲೆಕ್ಟ್ರಾನ್ ಫೋಟಾನನ್ನು ಹೊರಸೂಸುತ್ತದೆ. ಫೋಟಾನು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಯಾಗುತ್ತದೆ. ಅವು ಮತ್ತೆ ಫೋಟಾನುಗಳನ್ನು ಸೂಸುತ್ತವೆ. ಹೀಗೆ ಒಂದು ಹಲವಾಗಿ, ಶಕ್ತಿ ಹಂಚಿಹೋಗಿ, ಕೊನೆಗೆ ಸುರಿಮಳೆ ಇಂಗಿಹೋಗುತ್ತದೆ. ಸೀಸದ ಕೆಲವು ಸೆಂಟಿಮೀಟರುಗಳು ಇದನ್ನು ಬಹುಮಟ್ಟಿಗೆ ಅಡಗಿಸಬಲ್ಲವು. ಆದರೆ ಇನ್ನೊಂದು ಶಾಖೆ ದಪ್ಪನೆಯ ಸೀಸವನ್ನೂ ಲೆಕ್ಕಿಸದೆ ದಾಟುತ್ತಿತ್ತು. ಅದೇ ಇಂದು ಮ್ಯೂಆನ್ ಎಂದು ಕರೆಯಲ್ಪಡುವ, ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಕಣ.

ನಿಶ್ಚಲವಾದ ಮ್ಯೂಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಇಷ್ಟರಲ್ಲಿ ಬೆಳಕು ಕೂಡ ಸುಮಾರು 660 ಮೀಟರ್ ಮಾತ್ರ ಸಾಗುವುದು. ಮ್ಯೂಆನುಗಳಾದರೋ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹುಟ್ಟಿ ನೆಲವನ್ನು ಮುಟ್ಟುತ್ತವೆ. ಅತಿವೇಗದಲ್ಲಿ ಚಲಿಸುವ ವಸ್ತುವಿನ ಕಾಲ ನಮ್ಮ ಎಣಿಕೆಯಲ್ಲಿ ನಿಧಾನವಾಗುವುದೆಂಬ ಸಾಪೇಕ್ಷತಾ ಸಿದ್ಧಾಂತವೇ ಇದಕ್ಕೆ ಸಮಾಧಾನ. ಇಂತಹ ಕಣಗಳ ಆಯುಸ್ಸಿನಿಂದ ಆ ಸಿದ್ಧಾಂತವನ್ನು ಪರೀಕ್ಷಿಸಬಹುದೆಂದು ಭಾಭಾ 1938ರಲ್ಲಿಯೇ ಸೂಚಿಸಿದ್ದರು.

1939ರಲ್ಲಿ ರಜೆಗೆಂದು ಸ್ವದೇಶಕ್ಕೆ ಬಂದಿದ್ದ ಭಾಭಾ, ಯುದ್ಧ ಆರಂಭವಾದುದರಿಂದ ಇಂಗ್ಲೆಂಡಿಗೆ ಮರಳದೆ, ಸಿ. ವಿ. ರಾಮನ್ನರು ಇದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಟಾಟಾ ದತ್ತಿಯೊಂದರ ನೆರವಿನಿಂದ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ನೆಲೆಗೊಂಡಿತು. ಆ ವರ್ಷಗಳಲ್ಲಿ ನಗರದ ಪೂರ್ವಕ್ಕೆ, ಹಲಸೂರಿನಿಂದಾಚೆ, 1940ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಸೇನೆಯ ವಿಮಾನಗಳು ದುರಸ್ತಿಯಾಗುತ್ತಿದ್ದವು. ಯುದ್ಧವು ತಂದ ಈ ನೆಂಟಸ್ತಿಕೆ ವಿಜ್ಞಾನಕ್ಕೂ ಒದಗಿತು. ಭಾಭಾ ಮತ್ತು ಚಂದ್ರಶೇಖರ ಅಯ್ಯ ಮೊದಲಾದ ಅವರ ಸಂಗಡಿಗರು ಎಣಿಕೆಯ ಉಪಕರಣಗಳನ್ನು ಅಮೆರಿಕದ ಸೇನಾ ವಿಮಾನದಲ್ಲಿರಿಸಿ, ಸುಮಾರು 30,000 ಅಡಿಗಳವರೆಗೆ ಭೇದಕ ಕಣಗಳನ್ನು ಅಳೆದರು. ಆ ಎತ್ತರದಲ್ಲಿ ಮೇಲೆ ಉಳಿಯುವ ಗಾಳಿ ಒಟ್ಟಿನ ಹತ್ತರಲ್ಲಿ ಮೂರು ಪಾಲು ಮಾತ್ರ. ಹೆಚ್ಚಿನ ಅಕ್ಷಾಂಶದ ಅಳತೆಗಳೊಡನೆ ಇವನ್ನು ಹೋಲಿಸಿದ ವರದಿ 1945ರಲ್ಲಿ ಪ್ರಕಟವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಬೆಂಗಳೂರಿನಲ್ಲಿಯೇ ಕೆಲಸವನ್ನಾರಂಭಿಸಿ, ವರ್ಷದ ಕೊನೆಗೆ ಮುಂಬಯಿಗೆ ಹೋಯಿತು.

3. ಮೂರನೆಯ ತಡೆ: ಶಿಲೆ

ಸಂಸ್ಥೆ ಮುಂಬಯಿಗೆ ಹೋದರೂ ಅದರ ದೃಷ್ಟಿ ಮತ್ತೆ ಈ ಕಡೆಗೇ ತಿರುಗಿತು. ಬೆಂಗಳೂರು ದಂಡಿನ ನಿಲ್ದಾಣದಿಂದ ಪೂರ್ವಕ್ಕೆ ಹೊರಟ ರೈಲುದಾರಿ ಕೃಷ್ಣರಾಜಪುರ, ಮಾಲೂರುಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುತ್ತದೆ. ಅಲ್ಲಿಂದ ಕವಲೊಡೆದ ಹಾದಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತದೆ. ಆಕಾಶದ ಅಧ್ಯಯನಕ್ಕೆ ನೆಲದೊಳಗೆ ಇಳಿಯುವುದು ವಿಚಿತ್ರವೆಂದು ತೋರಬಹುದು. ಆದರೆ ಶಿಲೆಯ ಪದರ ದಪ್ಪವಾದಷ್ಟೂ ಅದನ್ನು ದಾಟುವ ಮ್ಯೂಆನ್ ಹೆಚ್ಚಿನ ಶಕ್ತಿಯದಾಗಿರಬೇಕು. ಆಳವೇ ಇಲ್ಲಿ ಶಕ್ತಿಯ ಅಳತೆಗೋಲು.

ನಂಜನಗೂಡಿನಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿದ್ದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಈ ಗಣಿಗಳಲ್ಲಿ ಅಳತೆಗಳನ್ನು ತೊಡಗಿದರು. 1960ರ ದಶಕದ ಮೊದಲಲ್ಲಿ ಉಪಕರಣಗಳನ್ನು ಹಂತಹಂತವಾಗಿ ಇಳಿಸುತ್ತ ಸುಮಾರು 2,760 ಮೀಟರ್ ಆಳವನ್ನು ಮುಟ್ಟಿದಾಗ, ಎರಡು ತಿಂಗಳ ಕಾಲ ಕಾದರೂ ಒಂದು ಮ್ಯೂಆನೂ ದಾಖಲಾಗಲಿಲ್ಲ.

ಈ ಶೂನ್ಯವು ವಿಫಲತೆಯಾಗಿರಲಿಲ್ಲ; ಬೇರೊಂದು ಶೋಧನೆಗೆ ಬೇಕಾದ ನಿಶ್ಶಬ್ದವಾಗಿತ್ತು. ವಿಶ್ವಕಿರಣಗಳು ಗಾಳಿಯಲ್ಲಿ ನ್ಯೂಟ್ರಿನೋ ಎಂಬ ಕಣಗಳನ್ನೂ ಹುಟ್ಟಿಸುತ್ತವೆ. ಅವು ಭೂಮಿಯನ್ನೇ ಹಾದುಹೋಗಬಲ್ಲವು. ಎಲ್ಲೋ ಅಪರೂಪಕ್ಕೊಂದು ಶಿಲೆಯ ಪರಮಾಣುವಿಗೆ ತಾಕಿ ಮ್ಯೂಆನನ್ನು ಹುಟ್ಟಿಸುತ್ತದೆ. ಮುಂಬಯಿಯ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಗೋಡೆಗಳಂತೆ ನಿಂತ ಉಪಕರಣಗಳನ್ನು ಸ್ಥಾಪಿಸಿದರು. ಕೋಲಾರದ ಶಿಲೆ ನೀರಿನ ಮೂರು ಪಟ್ಟು ಭಾರವಾದುದರಿಂದ ಆ ಆಳವು ಏಳು ಕಿಲೋಮೀಟರ್ ನೀರಿಗೆ, ಎಂದರೆ ಸುಮಾರು ಏಳುನೂರು ವಾಯುಮಂಡಲಗಳನ್ನು ಒಂದರ ಮೇಲೊಂದು ಹೇರಿದುದಕ್ಕೆ ಸಮ. ಮೇಲಿನಿಂದ ಬರುವ ಅಲ್ಪ ಮ್ಯೂಆನುಗಳು ನೇರವಾಗಿ ಇಳಿಯುತ್ತವೆ. ಅಡ್ಡಲಾಗಿ ಬರುವ ಹಾದಿಯಲ್ಲಿ ಇನ್ನೂ ಎಷ್ಟೋ ಪಾಲು ಶಿಲೆಯಿರುವುದರಿಂದ, ಅಡ್ಡಲಾಗಿ ಹಾಯ್ದ ಮ್ಯೂಆನ್ ಅಲ್ಲಿಯೇ ಸಮೀಪದಲ್ಲಿ ನ್ಯೂಟ್ರಿನೋವಿನಿಂದ ಹುಟ್ಟಿರಬೇಕು. ಅಂತಹ ಕಣಗಳು ದೊರೆತ ವಾರ್ತೆ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಶೋಧನೆಯಲ್ಲಿದ್ದ ತಂಡದ ವರದಿ ಎರಡು ವಾರಗಳ ತರುವಾಯ ಬಂದಿತು. ವಾಯುಮಂಡಲದ ಈ ನ್ಯೂಟ್ರಿನೋಗಳಿಂದಲೇ, ನ್ಯೂಟ್ರಿನೋವಿಗೆ ದ್ರವ್ಯರಾಶಿ ಉಂಟೆಂಬ ಅಂಶವು 1998ರಲ್ಲಿ ಜಪಾನಿನಲ್ಲಿ ಸ್ಪಷ್ಟವಾಯಿತು.

4. ಮೂಲದ ಪ್ರಶ್ನೆ

ವಿಶ್ವಕಿರಣಗಳು ಏನೆಂಬುದು ತಿಳಿದರೂ ಎಲ್ಲಿಂದ ಬರುತ್ತವೆಂಬುದು ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ. ಇದಕ್ಕೆ ಕಾರಣ ನಾವು ಮೊದಲು ಹೇಳಿದ ತಡೆಯೇ. ನಕ್ಷತ್ರಗಳ ನಡುವೆಯೂ ಕಾಂತಕ್ಷೇತ್ರಗಳಿವೆ. ಆಕಾಶಗಂಗೆಯಲ್ಲಿ ಹುಟ್ಟಿದ ಕಣವು ಹತ್ತಿಪ್ಪತ್ತು ಲಕ್ಷವಲ್ಲ, ಕೋಟಿ ವರ್ಷಗಳ ಕಾಲ ಅವುಗಳಲ್ಲಿ ಸುತ್ತಾಡಿ ನಮ್ಮಲ್ಲಿಗೆ ಬರುತ್ತದೆ. ಬಂದ ದಿಕ್ಕಿಗೂ ಹೊರಟ ದಿಕ್ಕಿಗೂ ಸಂಬಂಧವೇ ಉಳಿದಿರುವುದಿಲ್ಲ.

ಸ್ಫೋಟಗೊಳ್ಳುವ ಮಹಾನಕ್ಷತ್ರಗಳೇ, ಎಂದರೆ ಸೂಪರ್‌ನೋವಾಗಳೇ ಮೂಲವೆಂದು ಬಾಡೆ ಮತ್ತು ಝ್ವಿಕಿ 1934ರಲ್ಲಿ ಊಹಿಸಿದರು. ಆ ಸ್ಫೋಟಗಳ ಚಲನಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಕಣಗಳಿಗೆ ಸಂದರೂ ಲೆಕ್ಕ ಸರಿಹೋಗುತ್ತದೆ. ಸ್ಫೋಟದ ಆಘಾತ ತರಂಗವನ್ನು ಕಣಗಳು ಮತ್ತೆ ಮತ್ತೆ ದಾಟುತ್ತ ಪ್ರತಿ ಸಲವೂ ಸ್ವಲ್ಪ ಸ್ವಲ್ಪವಾಗಿ ಶಕ್ತಿಯನ್ನು ಕೂಡಿಸಿಕೊಳ್ಳುವ ಬಗೆಯನ್ನು 1977–78ರಲ್ಲಿ ವಿವರಿಸಲಾಯಿತು. 2013ರಲ್ಲಿ ಫರ್ಮಿ ಉಪಗ್ರಹದ ವೀಕ್ಷಣೆಗಳು ಅಂತಹ ಎರಡು ಅವಶೇಷಗಳಲ್ಲಿ ವೇಗದ ಪ್ರೋಟಾನುಗಳಿರುವುದಕ್ಕೆ ಸಾಕ್ಷ್ಯವನ್ನೊದಗಿಸಿದವು. ಸೂರ್ಯನಿಂದಲೂ ಕಡಮೆ ಶಕ್ತಿಯ ಕಣಗಳು ಆಗಾಗ ಬರುವುದುಂಟು. ಆದರೆ 3ರ ಮುಂದೆ ಇಪ್ಪತ್ತು ಸೊನ್ನೆಗಳಷ್ಟು ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯುಳ್ಳ, 1991ರಲ್ಲಿ ಅಮೆರಿಕದ ಯೂಟಾದಲ್ಲಿ ಗುರುತಿಸಿದಂತಹ ಕಣಕ್ಕೆ ಈ ವಿವರಣೆ ಸಾಲದು. ಅತ್ಯಧಿಕ ಶಕ್ತಿಯ ಕಣಗಳು ನಮ್ಮ ಆಕಾಶಗಂಗೆಯ ಆಚೆಯಿಂದ ಬರುವುವೆಂದು ಅರ್ಜೆಂಟೀನದ ಪಿಯರ್ ಓಜೆ ವೀಕ್ಷಣಾಲಯ 2017ರಲ್ಲಿ ತೋರಿಸಿತು.

ಕಾಂತಕ್ಷೇತ್ರಕ್ಕೆ ಬಾಗದೆ ನೇರವಾಗಿ ಬರುವ ಸಾಕ್ಷಿ ನ್ಯೂಟ್ರಿನೋ. ಅದಕ್ಕೆ ಆವೇಶವಿಲ್ಲ. 2017ರ ಸೆಪ್ಟೆಂಬರಿನಲ್ಲಿ ದಕ್ಷಿಣ ಧ್ರುವದ ಹಿಮದಲ್ಲಿ ಹೂಳಿದ ಉಪಕರಣಗಳು ಗುರುತಿಸಿದ ಒಂದು ನ್ಯೂಟ್ರಿನೋ ಬಂದ ದಿಕ್ಕಿನಲ್ಲಿ, ಆಗ ಪ್ರಜ್ವಲಿಸುತ್ತಿದ್ದ ದೂರದ ಗೆಲಾಕ್ಸಿಯೊಂದು ಕಂಡುಬಂದಿತು. ಕೋಲಾರದ ಕತ್ತಲೆಯಲ್ಲಿ ಕಲಿತ ವಿದ್ಯೆ ಹೀಗೆ ಮೂಲದ ಪ್ರಶ್ನೆಯನ್ನೇ ಬಿಡಿಸುವ ಸಾಧನವಾಗುತ್ತಿದೆ.

5. ಉಪಸಂಹಾರ

ಕೋಲಾರದ ಆಳಗಳನ್ನು ಅಗೆದದ್ದು ವಿಜ್ಞಾನಕ್ಕಾಗಿ ಅಲ್ಲ. ಶಿಲೆಯೇ ಕಾದಿರುವ ಆ ಸುರಂಗಗಳನ್ನು ಚಿನ್ನಕ್ಕಾಗಿ ಕೊರೆದವರು ಗಣಿಯ ಕಾರ್ಮಿಕರು. ಅವರ ದುಡಿಮೆಯಿಂದ ತೆರೆದ ಜಾಗದಲ್ಲಿ ವಿಜ್ಞಾನಿಗಳು ಉಪಕರಣಗಳನ್ನಿಟ್ಟರು. ಗಣಿ ಲಾಭವನ್ನು ಕೊಡದಾದಾಗ ಎರಡೂ ನಿಂತವು: ಪ್ರಯೋಗಗಳು 1992ರ ಸುಮಾರಿಗೆ, ಗಣಿಗಾರಿಕೆ 2001ರಲ್ಲಿ. ಆಳದ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಗಣಿಯ ಊರಿನ ಸಾವಿರಾರು ಜನರು ಬೆಳಗಿನ ರೈಲುಗಳಲ್ಲಿ ಕೃಷ್ಣರಾಜಪುರಕ್ಕೂ ದಂಡಿಗೂ ಕೆಲಸಕ್ಕೆಂದು ಬಂದು ರಾತ್ರಿ ಮರಳುತ್ತಾರೆ.

ಭೂಕಾಂತೀಯ ಸಮಭಾಜಕದ ಸಾಮೀಪ್ಯವನ್ನು ಯಾರೂ ನಮ್ಮಿಂದ ಕಿತ್ತುಕೊಳ್ಳಲಾರರು. ಉದಕಮಂಡಲದಲ್ಲಿ, 2,200 ಮೀಟರ್ ಎತ್ತರದಲ್ಲಿ, ವಿಶ್ವಕಿರಣಗಳ ಸುರಿಮಳೆಯನ್ನು ಅಳೆಯುವ ಕಾರ್ಯ ಆ ಅನುಕೂಲದಿಂದಲೇ ನಡೆದುಬಂದಿದೆ. ಆದರೆ ಆಳವು ಹಾಗಲ್ಲ. ಅದು ಮನುಷ್ಯರ ಕೈ ಮಾಡಿದ್ದು, ಕೈಬಿಟ್ಟರೆ ಇಲ್ಲವಾಗುವಂತಹುದು. ಪ್ರಕೃತಿ ಕೊಟ್ಟ ಸ್ಥಾನ, ಜನರು ದುಡಿದು ಕೊಟ್ಟ ಸ್ಥಳ, ಇವೆರಡೂ ಕೂಡಿದಾಗ ಮಾತ್ರ ಈ ನಾಡಿನಲ್ಲಿ ವಿಶ್ವಕಿರಣಗಳ ವಿಜ್ಞಾನ ಬೆಳೆಯಿತು. ಎರಡನೆಯದನ್ನು ಲಾಭನಷ್ಟದ ಲೆಕ್ಕಕ್ಕೆ ಮಾತ್ರ ಒಪ್ಪಿಸಬಾರದೆಂಬುದು, ನಮ್ಮ ಅಭಿಪ್ರಾಯದಲ್ಲಿ, ಈ ಇತಿಹಾಸದಿಂದ ಕಲಿಯತಕ್ಕ ಮುಖ್ಯವಾದ ಪಾಠ.